ಎಚ್‌ಐವಿ ಜೊತೆ ಹೆಪಟೈಟಿಸ್: ಮಾತ್ರೆ ಬಿಡಬಹುದೇ?

ಪ್ರಶ್ನೆ: ಎಚ್‌ಐವಿಗೆ ವೆನ್ಲಾಕ್ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಿಂದ ಟಿಎಲ್‌ಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ಹೆಪಟೈಟಿಸ್ ಬಿ ಕೂಡ ಇದೆ ಎಂದು ಗೊತ್ತಾಯಿತು. ಕಾಮಾಲೆಗೆ ಕೊಡುವ ಹಳ್ಳಿ ಮದ್ದು ಮಾಡೋಣ, ಪಥ್ಯ ಮುಗಿಯುವವರೆಗೆ ಇಂಗ್ಲಿಷ್ ಮದ್ದು ಬೇಡ ಎನ್ನುತ್ತಾರೆ ಅಮ್ಮ. ಹೆಂಡತಿ, ಮಗುವಿಗೂ ಬರುತ್ತದೆಯೇ?
– ಹೆಸರು ಬೇಡ, ಮಂಗಳೂರು

ಉತ್ತರ: ಮಾತ್ರೆಯನ್ನು ಖಂಡಿತ ಬಿಡಬೇಡಿ. ಆ ಒಂದೇ ಮಾತ್ರೆಯಲ್ಲಿ ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಇವೆ. ಮೊದಲೆರಡು ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿಡುತ್ತವೆ. ಹಾಗಾಗಿ ಸಾಮಾನ್ಯವಾಗಿ ಬೇರೆ ಮದ್ದು ಬೇಡ. ನಿಲ್ಲಿಸಿದರೆ ವೈರಸ್ ಮತ್ತೆ ಹೆಚ್ಚಿ ಲಿವರ್‌ನ ಉರಿಯೂತ ಕೆರಳುತ್ತದೆ, ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು) ಇದ್ದವರಿಗೆ ಜೀವಕ್ಕೇ ಕುತ್ತು. ಮುಂದೆಂದಾದರೂ ಡಾಕ್ಟರು ಮಾತ್ರೆ ಬದಲಿಸಿದರೆ, ಹೊಸದರಲ್ಲಿ ಟೆನೊಫೊವಿರ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಹೆಪಟೈಟಿಸ್ ಬಿ ವಿರುದ್ಧ ಲ್ಯಾಮಿವುಡಿನ್ ಒಂದೇ ಉಳಿದರೆ ವೈರಸ್ ಕ್ರಮೇಣ ಅದಕ್ಕೆ ಬಗ್ಗದು.

ಅಮ್ಮನ ನಂಬಿಕೆಗೂ ಕಾರಣವಿದೆ. ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ನೆಲನೆಲ್ಲಿಯಂಥ ಹಳ್ಳಿ ಮದ್ದಿಗೆ ಹೋಗುತ್ತದೆ. ನಿಮ್ಮದು ಆ ಬಗೆಯದಲ್ಲ ಎಂದು ಅವರಿಗೆ ಸಮಾಧಾನವಾಗಿ ಹೇಳಿ. ಕುಡಿಯುವ ಅಭ್ಯಾಸವಿದ್ದರೆ ಪೂರ್ತಿ ಬಿಡಿ. ಹೊಟ್ಟೆ ಉರಿಗೆ ಆಂಟಾಸಿಡ್ ಸಿರಪ್ ಕುಡಿಯುವುದಾದರೆ, ಅದಕ್ಕಿಂತ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ಟಿಎಲ್‌ಡಿ ನುಂಗಿ. ಒಟ್ಟಿಗೆ ಹೋದರೆ ಡೊಲುಟೆಗ್ರಾವಿರ್ ಮೈಗೆ ಹತ್ತುವುದಿಲ್ಲ. ಟೆನೊಫೊವಿರ್ ಕಿಡ್ನಿಗೆ ತೊಂದರೆ ಕೊಡಬಹುದು, ಲಿವರ್ ಸ್ಥಿತಿ ತಿಳಿಸುವ ಎಎಲ್‌ಟಿ ಜೊತೆ ಕಿಡ್ನಿಯ ಕ್ರಿಯೇಟಿನಿನ್ ರಕ್ತಪರೀಕ್ಷೆಯನ್ನೂ ತಪ್ಪಿಸಬೇಡಿ.

ಹೆಪಟೈಟಿಸ್ ಬಿ ರಕ್ತ, ಲೈಂಗಿಕ ಸಂಪರ್ಕದಿಂದ ಹರಡುತ್ತದೆ; ಒಟ್ಟಿಗೆ ಊಟ ಮಾಡಿದರೆ ಬರುವುದಿಲ್ಲ. ರೇಜರ್, ಬ್ರಷ್ ಬೇರೆ ಇರಲಿ, ಕಾಂಡೋಮ್ ಬಳಸಿ. ಹೆಂಡತಿ, ಮಗು ಇಬ್ಬರಿಗೂ ಹೆಪಟೈಟಿಸ್ ಬಿ ಸೋಂಕು ಪತ್ತೆಮಾಡುವ ಎಚ್‌ಬಿಎಸ್‌ಎಜಿ ರಕ್ತಪರೀಕ್ಷೆ ಮಾಡಿಸಿ. ಹೆಂಡತಿಗೆ ಸೋಂಕಿಲ್ಲದೆ, ಲಸಿಕೆಯೂ ಆಗಿಲ್ಲದಿದ್ದರೆ 0 (ಮೊದಲ ದಿನ), 1, 6ನೇ ತಿಂಗಳಲ್ಲಿ ಮೂರು ಡೋಸ್. ಮಗುವಿಗೆ ಹುಟ್ಟಿದಾಗ ಮತ್ತು 6, 10, 14ನೇ ವಾರದಲ್ಲಿ ಹಾಕಿದ್ದಾರೆಯೇ, ತಾಯಿ ಕಾರ್ಡ್ ನೋಡಿ.

ಪ್ರಶ್ನೆ: ಎಚ್‌ಐವಿ ಇರುವ ನನ್ನ ತಮ್ಮನಿಗೆ ಹೆಪಟೈಟಿಸ್ ಸಿ 'ಆಂಟಿಬಾಡಿ ಪಾಸಿಟಿವ್'. ಗುಣವಾಗುತ್ತದೆಯೇ?
– ಓದುಗರು, ಉಡುಪಿ

ಉತ್ತರ: ಆಗುತ್ತದೆ. ಆದರೆ ಸೋಂಕು ಹೋದ ಮೇಲೂ ಆಂಟಿಬಾಡಿ ಉಳಿಯುವುದರಿಂದ ಮೊದಲು ವೈರಸ್ ಈಗಲೂ ರಕ್ತದಲ್ಲಿದೆಯೇ ಎಂದು ತಿಳಿಸುವ ಎಚ್‌ಸಿವಿ (ಹೆಪಟೈಟಿಸ್ ಸಿ ವೈರಸ್) ಆರ್‌ಎನ್‌ಎ ಪರೀಕ್ಷೆ ಬೇಕು. ವೈರಸ್ ಕಂಡರೆ, ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಸೊಫೊಸ್ಬುವಿರ್ 400 ಮಿ.ಗ್ರಾಂ, ಡಕ್ಲಾಟಾಸ್ವಿರ್ 60 ಮಿ.ಗ್ರಾಂ, ದಿನಕ್ಕೊಮ್ಮೆ 12 ವಾರ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಉಚಿತ. ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ತಮ್ಮ ಎಫಾವಿರೆಂಜ್ ಇರುವ ಎಚ್‌ಐವಿಯ ಹಳೆಯ ಮಾತ್ರೆಯಲ್ಲೇ ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ, ಆಗ ಡಕ್ಲಾಟಾಸ್ವಿರ್ 90ಕ್ಕೆ ಏರಿಸಬೇಕು. ಚಿಕಿತ್ಸೆ ಮುಗಿದು 12 ವಾರದ ಮೇಲೆ ಆರ್‌ಎನ್‌ಎ ಮತ್ತೊಮ್ಮೆ ನೋಡಿಸಿ.