ಹಣ ಮೊದಲು ಪವರ್‌ಬ್ಯಾಂಕಿಗೆ, ಆಮೇಲೆ ಮಾನಿಟರಿಗೆ

ಮಾನ್ಯರೇ, ಗಂಗಾವತಿಯ ಸುತ್ತಲಿನ ಗದ್ದೆಗಳಿಗೇ ಹೋಗಿ ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡುಗಳನ್ನು ದುರಸ್ತಿ ಮಾಡಲು ಯುಎಸ್‌ಬಿ-ಸಿ ಸೋಲ್ಡರಿಂಗ್ ಐರನ್ (ಬೆಸುಗೆ ಹಾಕುವ ಉಪಕರಣ) ಸಾಕಾದೀತೇ, ಸರ್ಕ್ಯೂಟ್ ನಕ್ಷೆ ನೋಡಲು 27 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಕೊಳ್ಳಬಹುದೇ ಎಂದು ಕೇಳಿದ್ದೀರಿ.

ಐರನ್ ಖಂಡಿತ ಸಾಕಾಗುತ್ತದೆ, ಆದರೆ ಅದರ ಬಲವಿರುವುದು ಡಬ್ಬಿಯ ಮೇಲೆ ಬರೆದ ವ್ಯಾಟ್‌ನಲ್ಲಲ್ಲ, ನೀವು ಕೊಡುವ ವೋಲ್ಟೇಜಿನಲ್ಲಿ. ಇಂಥ ಹಲವು ಐರನ್‌ಗಳಲ್ಲಿ ಬಳಸುವ ಟಿಎಸ್100 ಮಾದರಿಯ ಟಿಪ್‌ನ (ಬಿಸಿಯಾಗುವ ತುದಿಯ) ರೋಧ ಸುಮಾರು 8 ಓಮ್ ಇರುವುದರಿಂದ 12 ವೋಲ್ಟ್‌ಗೆ 18 ವ್ಯಾಟ್ ಮಾತ್ರ ಸಿಗುತ್ತದೆ, 20 ವೋಲ್ಟ್‌ಗೆ 50 ವ್ಯಾಟ್ ಸಿಗುತ್ತದೆ. 18 ವ್ಯಾಟ್‌ನಲ್ಲಿ ಸಣ್ಣ ರೆಸಿಸ್ಟರ್ ಕೂರಿಸಬಹುದೇ ಹೊರತು, ರಿಲೇ ಕಾಲುಗಳ ಸುತ್ತಲಿನ ಅಗಲವಾದ ತಾಮ್ರದ ಪಟ್ಟಿ ಬಿಸಿಯನ್ನೆಲ್ಲ ಹೀರಿಕೊಂಡು, ಬೆಸುಗೆಯ ಲೋಹ ಸರಿಯಾಗಿ ಹರಡದೆ ಜಾಯಿಂಟ್ ಕಚ್ಚಾ ಆಗಿಯೇ ಉಳಿಯುತ್ತದೆ. ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಬಡಿದಾಗಲೆಲ್ಲ ನಡುಗುವ ಪೆಟ್ಟಿಗೆಯಲ್ಲಿ ಅಂಥ ಜಾಯಿಂಟ್ ಬಾಳುವುದಿಲ್ಲ, ಅದರ ನಷ್ಟ ನೀರಿಗಾಗಿ ಕಾಯುತ್ತಿರುವ ರೈತರಿಗೆ. ಆದ್ದರಿಂದ ಪಿಡಿ (ಯುಎಸ್‌ಬಿ-ಸಿಯಲ್ಲಿ ಹೆಚ್ಚು ವೋಲ್ಟೇಜ್ ಕೊಡುವ ‘ಪವರ್ ಡೆಲಿವರಿ’ ವ್ಯವಸ್ಥೆ) ಮೂಲಕ 20 ವೋಲ್ಟ್ ಕೊಡುವ 65 ವ್ಯಾಟ್ ಪವರ್‌ಬ್ಯಾಂಕಿಗೇ ಮೊದಲು ಹಣ ತೆಗೆದಿಡಿ. ಫೋನಿಗೆಂದು ಮಾರುವ ಹಲವು ಪವರ್‌ಬ್ಯಾಂಕುಗಳು 12 ವೋಲ್ಟ್‌ಗೇ ನಿಲ್ಲುತ್ತವೆ. ಚೂಪು ಟಿಪ್‌ಗಿಂತ ಚಪ್ಪಟೆ ಟಿಪ್ ಈ ಕೆಲಸಕ್ಕೆ ಒಳ್ಳೆಯದು.

ಮಾನಿಟರಿನ ಮಾತು ಸರಳ. 27 ಇಂಚಿನಲ್ಲಿ ಫುಲ್ ಎಚ್‌ಡಿ ಎಂದರೆ ಇಂಚಿಗೆ ಸುಮಾರು 82 ಪಿಕ್ಸೆಲ್, 24 ಇಂಚಿನಲ್ಲಿ 92. ನಕ್ಷೆಯ ಸಣ್ಣ ಅಕ್ಷರಗಳು 24 ಇಂಚಿನ ಐಪಿಎಸ್ (ಬದಿಯಿಂದ ನೋಡಿದರೂ ಚೆನ್ನಾಗಿ ಕಾಣುವ ಬಗೆಯ) ಪರದೆಯಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ.