‘ಇಂಗ್ಲಿಷ್ ಸಾಕಲ್ವಾ ಅಕ್ಕಾ?’

ತಮ್ಮಾ,

ನಿನ್ನ ಕಾಗದ ಎರಡು ಸಲ ಓದಿದೆ. ನೈರೋಬಿಗೆ ಬಂದು ಇಪ್ಪತ್ತು ದಿನ ಆಗಿದೆ, ಗಿಗಿರಿಯಲ್ಲಿ ಎರಡು ವರ್ಷದ ಒಪ್ಪಂದದ ಕೆಲಸ, ಸದ್ಯಕ್ಕೆ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಗೆಳೆಯನ ಮನೆ, ಮುಂದಿನ ತಿಂಗಳು ಮಕ್ವೇನಿ ಕಡೆ ಮೊದಲ ಸಲ ಹಳ್ಳಿ ಸುತ್ತೋಕೆ ಹೋಗಬೇಕು ಅಂತ ಬರೆದಿದ್ದೀಯ. ಶಿರಾ ಹುಡುಗ ಅಂತ ಗೊತ್ತಾದ ಮೇಲೆ ಉತ್ತರ ಬರೆಯದೆ ಇರೋಕಾಗಲಿಲ್ಲ. ನಾನು ಮಧುಗಿರಿ ಕಡೆಯವಳು. ಮೇಡಂ ಅನ್ನೋದು ಬಿಡು, ಅಕ್ಕ ಅಂತ ಕರಿ.

ನೀನು ಕೇಳಿದ್ದು ಐದು. ಮನೆ ಎಲ್ಲಿ ಮಾಡಲಿ, ಊಟಕ್ಕೇನು, ಕತ್ತಲಾದ ಮೇಲೆ ಓಡಾಡಬಹುದಾ? ಪರಿಸರ ನೀತಿಯಿಂದ ಶುರು ಮಾಡಿ ಅಭಿವೃದ್ಧಿ ಕೆಲಸ, ಆಮೇಲೆ ಪಾಠ, ಈಗ ನಾಯಕತ್ವದ ತರಬೇತಿ ಅಂತ ನಾಲ್ಕು ಕಡೆ ಹೋದಿರಲ್ಲ, ನಾನೂ ಹಾಗೆ ಹೋಗಬಹುದಾ, ಇಲ್ಲ ಒಂದನ್ನೇ ಹಿಡಿದಿರಬೇಕಾ? ಕೊನೆಗೆ ಒಂದು ಸಾಲು: ‘ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ಅಷ್ಟು ಸಾಕಲ್ವಾ ಅಕ್ಕಾ?’ ನೀನು ಅದನ್ನು ಬಾಲಕ್ಕೆ ಸೇರಿಸಿದ್ದೀಯ. ನನಗೆ ಅದೇ ತಲೆ.

ಮೊದಲ ಮೂರನ್ನು ಬೇಗ ಮುಗಿಸ್ತೀನಿ. ಮನೆ ಆಫೀಸಿಗೆ ಹತ್ತಿರ ಇರಲಿ ಅಂತ ಗಿಗಿರಿಯಲ್ಲೇ ಹುಡುಕಬೇಡ, ಬಾಡಿಗೆಗೇ ಸಂಬಳ ಹೋಗುತ್ತೆ. ಪಾರ್ಕ್‌ಲ್ಯಾಂಡ್ಸ್ ಸಾಕು, ನಮ್ಮ ತರಕಾರಿ, ಬೇಳೆ, ಕರಿಬೇವು ಎಲ್ಲ ಡೈಮಂಡ್ ಪ್ಲಾಜಾದಲ್ಲಿ ಸಿಗುತ್ತೆ. ಆದರೆ ವಾರಕ್ಕೊಂದು ಸಲವಾದರೂ ಕಂಗೇಮಿ ಸಂತೆಗೆ ಹೋಗು. ಅಲ್ಲಿ ಟೆರೆರೆ ಅಂದರೆ ನಮ್ಮ ದಂಟು, ಮನಗು ಅಂದರೆ ಗಣಿಕೆ ಸೊಪ್ಪು, ಕುಂದೆ ಅಂದರೆ ಅಲಸಂದೆ ಸೊಪ್ಪು. ಮೂರನ್ನೂ ಬೇಳೆ ಜೊತೆ ಬೇಯಿಸಿ ಮಸೆದರೆ ಅಮ್ಮನ ಮಸ್ಸೊಪ್ಪಿಗೆ ಏನೂ ಕಡಿಮೆ ಇರಲ್ಲ. ಕತ್ತಲಾದ ಮೇಲೆ ಗೊತ್ತಿರುವ ಟ್ಯಾಕ್ಸಿಯಲ್ಲೇ ಓಡಾಡು, ಬೀದಿಯಲ್ಲಿ ಫೋನ್ ಕೈಯಲ್ಲಿ ಹಿಡಿಯಬೇಡ. ಎಂ-ಪೆಸಾ ಇವತ್ತೇ ಮಾಡಿಸಿಕೋ. ನಮ್ಮಲ್ಲಿ ಫೋನಲ್ಲಿ ದುಡ್ಡು ಕಳಿಸೋದು ಶುರುವಾಗುವ ಎಷ್ಟೋ ಮೊದಲು, 2007ರಲ್ಲೇ, ಇಲ್ಲಿ ಸೊಪ್ಪು ಮಾರುವ ಹೆಂಗಸರು ಬಟನ್ ಫೋನಲ್ಲಿ ದುಡ್ಡು ಕಳಿಸೋಕೆ ಶುರು ಮಾಡಿದರು. ಇನ್ನೊಂದು, ಅಮ್ಮ ನೋಡೋಕೆ ಬರುವಾಗ ಚಟ್ನಿಪುಡಿ, ಹುಳಿಪುಡಿಯನ್ನೆಲ್ಲ ಡಬ್ಬಿಗೆ ಹಾಕಿಕೊಂಡು ಬರಲಿ, ಕ್ಯಾರಿ ಬ್ಯಾಗ್ ಬೇಡ. 2017ರ ಆಗಸ್ಟಿನಿಂದ ಇಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ. ನಮ್ಮ ಕರ್ನಾಟಕದಲ್ಲಿ ಒಂದು ವರ್ಷ ಮೊದಲೇ ಆದೇಶ ಬಂದಿತ್ತು, ಆದರೆ ಇಲ್ಲಿಯವರು ಅದನ್ನು ಬೀದಿಯಲ್ಲಿ ನಡೆಸಿ ತೋರಿಸಿದರು. ನೀತಿ ಓದಿ ಬಂದವನು ನೀನು, ಅದು ಹೇಗಾಯ್ತು ಅಂತ ಕಣ್ಣಾರೆ ನೋಡು.

ಈಗ ಭಾಷೆಯ ವಿಷಯಕ್ಕೆ ಬರ್ತೀನಿ.

ನಾನು ಬಂದಿಳಿದದ್ದು 1997ರ ನವೆಂಬರ್‌ನಲ್ಲಿ. ಬರಗಾಲದ ನೀರಿನ ಬಗ್ಗೆ ಕೆಲಸ ಮಾಡೋಕೆ ಅಂತ ಬಂದವಳನ್ನು ಎದುರುಗೊಂಡದ್ದು ಎಲ್ ನಿನೊ ಮಳೆ. ಮೊಂಬಾಸಾ ರಸ್ತೆ ಅಲ್ಲಲ್ಲಿ ಕೊಚ್ಚಿಹೋಗಿತ್ತು. ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ನನ್ನ ಸೂಟ್‌ಕೇಸ್ ತೆಗೆಸಿದರು. ತಳದಲ್ಲಿ ಅಮ್ಮ ಜರಡಿ ಹಿಡಿದು ಬಟ್ಟೆ ಚೀಲಕ್ಕೆ ತುಂಬಿಕೊಟ್ಟ ಐದು ಕೆ.ಜಿ. ರಾಗಿ ಹಿಟ್ಟು. ಆತ ಚೀಲ ಬಿಚ್ಚಿ, ಎರಡು ಬೆರಳಲ್ಲಿ ಒಂದು ಚಿಟಿಕೆ ಉಜ್ಜಿ ನೋಡಿ, ನಕ್ಕು, ‘ವಿಂಬಿ’ ಅಂದರು. ನನಗೆ ಏನೋ ತಪ್ಪು ಕಂಡುಹಿಡಿದರು ಅಂತ ಭಯ. ‘ಅಲ್ಲ, ಇದು ರಾಗಿ, ನಮ್ಮ ದೇಶದ್ದು’ ಅಂತ ಇಂಗ್ಲಿಷಿನಲ್ಲಿ ವಾದಕ್ಕೆ ನಿಂತೆ. ಆತ ಏನೂ ಹೇಳದೆ ಚೀಲ ಕಟ್ಟಿಕೊಟ್ಟರು. ಎರಡು ತಿಂಗಳ ಮೇಲೆ ಸಂತೆಯಲ್ಲಿ ಮೂಟೆ ಮೂಟೆ ರಾಗಿ ನೋಡಿದಾಗ ಗೊತ್ತಾಯ್ತು, ವಿಂಬಿ ಅಂದರೆ ರಾಗಿಯೇ. ನಮ್ಮದು ಅಂತ ನಾನು ವಾದಿಸಿದ ಧಾನ್ಯ ಮೊದಲು ಬೆಳೆದದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಂದ ನಮ್ಮ ಕಡೆ ಬಂತು.

ಆ ದಿನವೇ ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ.

ಮೊದಲ ಎರಡು ವರ್ಷ ನನ್ನ ಕೆಲಸವೆಲ್ಲ ಕಾಗದದ ಮೇಲೆ. 1999ರಲ್ಲಿ ಕೀನ್ಯಾ ತನ್ನ ಪರಿಸರ ಕಾಯ್ದೆ ತಂತು. ಅದಕ್ಕೆ ಮೊದಲಿನ ಚರ್ಚೆಗಳಿಗೆ ಟಿಪ್ಪಣಿ ಬರೆಯುತ್ತಿದ್ದವರಲ್ಲಿ ನಾನೂ ಒಬ್ಬಳು. ಅದೇ ವರ್ಷದ ಜನವರಿಯಲ್ಲಿ, ನಿನ್ನ ಆಫೀಸಿಗೆ ಹತ್ತಿರದಲ್ಲೇ ಇರುವ ಕರೂರಾ ಕಾಡಿನ ಗೇಟಿನ ಬಳಿ ಇಲ್ಲಿಯ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯಿ ಅವರ ಮೇಲೆ ಹಲ್ಲೆ ಆಯ್ತು. ಕಾಡು ಕಬಳಿಸುವವರ ವಿರುದ್ಧ ಸಸಿ ನೆಡಲು ಹೋಗಿದ್ದರು. ಮುಂದೆ 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕಾಯ್ದೆಯ ಕೆಲಸವನ್ನು ನಾನು ಈಗಲೂ ಹೆಮ್ಮೆಯಿಂದ ನೆನೆಯುತ್ತೇನೆ. ಆದರೆ ಕಾಡು ಉಳಿದದ್ದು ಗೇಟಿನ ಮುಂದೆ ನಿಂತವರಿಂದ. ಭಾನುವಾರ ಅಲ್ಲಿ ನಡೆಯೋಕೆ ಹೋಗು, ಮನಸ್ಸಿಗೆ ಹಿತವಾಗುತ್ತೆ.

ಅದೇ 1999ರ ಜುಲೈಯಲ್ಲಿ ನನ್ನನ್ನು ಮಕ್ವೇನಿಗೆ ಕಳಿಸಿದರು, ಮರಳು ಒಡ್ಡಿಗೆ ಜಾಗ ಗೊತ್ತು ಮಾಡೋಕೆ. ನೀನೂ ಅದನ್ನೇ ನೋಡೋಕೆ ಹೋಗ್ತಿದ್ದೀಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಕಲ್ಲು ಸಿಮೆಂಟಿನ ಗೋಡೆ ಕಟ್ಟುತ್ತಾರೆ. ಹಳ್ಳ ಬಂದಾಗ ದಪ್ಪ ಮರಳು ಗೋಡೆಯ ಹಿಂದೆ ಕೂರುತ್ತೆ, ರಾಡಿ ಮೇಲೆ ಹಾಯ್ದು ಹೋಗುತ್ತೆ. ಕೆಲವು ಮಳೆಗಾಲ ಕಳೆಯೋ ಹೊತ್ತಿಗೆ ಗೋಡೆಯ ಎತ್ತರಕ್ಕೂ ಮರಳು. ಆ ಮರಳಿನ ಸಂದುಗಳಲ್ಲಿ, ಅದರ ಗಾತ್ರದ ಕಾಲು ಭಾಗಕ್ಕೂ ಹೆಚ್ಚು ನೀರು ನಿಲ್ಲುತ್ತೆ. ನಮ್ಮ ಕೆರೆ ನೀರನ್ನು ಬೇಸಿಗೆ ಬಿಸಿಲು ಹೀರುವ ಹಾಗೆ ಈ ನೀರನ್ನು ಬಿಸಿಲಿಗೆ ಹೀರೋಕಾಗಲ್ಲ. ಹೆಂಗಸರು ಮರಳಲ್ಲಿ ಒರತೆ ತೋಡಿ ಬೊಗಸೆಯಿಂದ ಕ್ಯಾನಿಗೆ ತುಂಬುತ್ತಾರೆ, ಕತ್ತೆಗಳ ಮೇಲೆ ಹೇರುತ್ತಾರೆ. ಬೇಕಾದ್ದು ಒಂದೇ: ಗೋಡೆ ಕೂರುವ ಜಾಗದಲ್ಲಿ ಕೆಳಗೆ ಒಡಕಿಲ್ಲದ ಬಂಡೆ ಇರಬೇಕು. ಇಲ್ಲದಿದ್ದರೆ ಮರಳು ನಿಲ್ಲುತ್ತೆ, ನೀರು ಅಡಿಯಲ್ಲಿ ಸೋರಿ ಹೋಗುತ್ತೆ.

ಮಾವಿನ ಮರದಡಿ ಸಭೆ. ನಲವತ್ತು ಹೆಂಗಸರಿದ್ದರು, ಎಲ್ಲರೂ ಒಂದೇ ಮ್ವೆಥ್ಯಾ ಗುಂಪಿನವರು. ಮ್ವೆಥ್ಯಾ ಅಂದರೆ ನಮ್ಮ ಮುಯ್ಯಾಳಿನ ಹಾಗೆ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮಾತೆಲ್ಲ ಅಲ್ಲಿಯವರ ಭಾಷೆ ಕಿಕಾಂಬಾದಲ್ಲಿ. ಇಂಗ್ಲಿಷಿಗೆ ತಿರುಗಿಸಿ ಹೇಳೋಕೆ ಪಟ್ಟಣದಿಂದ ಒಬ್ಬ ಹುಡುಗ ಬಂದಿದ್ದ. ವರದಿಗೆ ಬೇಕು ಅಂತ ನಾನು ಕ್ಯಾಸೆಟ್ ರೆಕಾರ್ಡರ್ ಇಟ್ಟಿದ್ದೆ. ಕೊನೆಯಲ್ಲಿ ಒಬ್ಬ ಅಜ್ಜಿ ಎದ್ದು ನಿಂತು ತುಂಬಾ ಹೊತ್ತು ಮಾತಾಡಿದರು, ಕೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟಿದರು, ಹಳ್ಳದ ಮೇಲುಗಡೆ ಕೈ ತೋರಿಸಿದರು. ಹುಡುಗ ನನ್ನ ಕಡೆ ತಿರುಗಿ, ‘ಒಳ್ಳೇ ಜಾಗ ಅಂತಿದ್ದಾರೆ, ಎಲ್ಲರಿಗೂ ಸಂತೋಷವಾಗಿದೆ’ ಅಂದ. ಅಷ್ಟು ಉದ್ದದ ಮಾತಿಗೆ ಇಷ್ಟೇನಾ ಅಂತ ಒಂದು ಕ್ಷಣ ಅನ್ನಿಸಿತ್ತು. ಕೇಳಲಿಲ್ಲ. ಕತ್ತಲಾಗೋದರೊಳಗೆ ವೋಟೆ ಪಟ್ಟಣ ಸೇರಬೇಕಿತ್ತು. ‘ಸಮುದಾಯ ಒಪ್ಪಿದೆ’ ಅಂತ ಬರೆದುಕೊಂಡೆ.

ಮರುವರ್ಷ ಗೋಡೆ ಎದ್ದಿತು. ಆ ನಲವತ್ತು ಹೆಂಗಸರು ಕಲ್ಲು ಹೊತ್ತರು. ಮಳೆ ಬಂತು, ಮರಳು ಕೂತಿತು, ನೀರು ನಿಲ್ಲಲಿಲ್ಲ. ಎರಡನೇ ವರ್ಷವೂ ಹಾಗೇ ಆಯ್ತು. ‘ಮಳೆಯ ಪ್ರಮಾಣ ಸಾಲದು’ ಅಂತ ಕೊನೆಯ ವರದಿಯಲ್ಲಿ ಬರೆದವಳು ನಾನೇ.

2005ರಲ್ಲಿ ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡೋಕೆ ಸೇರಿದೆ. ಜನರ ಭಾಗವಹಿಸುವಿಕೆ ಅಂದರೆ ಏನು ಅಂತ ತೋರಿಸೋಕೆ ಆ ಕ್ಯಾಸೆಟ್ಟನ್ನು ತರಗತಿಯಲ್ಲಿ ಹಾಕಿದೆ. ಅಜ್ಜಿಯ ಮಾತು ಬಂದಾಗ ಹಿಂದಿನ ಸಾಲಿನ ಹುಡುಗಿ ಕೈ ಎತ್ತಿದಳು. ಮಕ್ವೇನಿಯವಳು. ‘ಟೀಚರ್, ಇದನ್ನು ಇನ್ನೊಂದು ಸಲ ಹಾಕಿ’ ಅಂದಳು. ಹಾಕಿದೆ. ಅವಳು ಒಂದೊಂದೇ ಮಾತು ನಿಲ್ಲಿಸಿ ಹೇಳಿದಳು: ‘ಅಲ್ಲಿ ಬಂಡೆ ಬಾಯಿ ಬಿಟ್ಟಿದೆ. ನಮ್ಮತ್ತೆ ಕಾಲದಿಂದ ಅಲ್ಲಿ ಒರತೆ ತೋಡಿದರೆ ನೀರು ನಿಂತಿಲ್ಲ. ಮೇಲಿನ ತಿರುವಿನಲ್ಲಿ ಕಟ್ಟಿ. ಅಲ್ಲಿ ಬೇಸಿಗೆಯಲ್ಲೂ ಕತ್ತೆಗಳು ಕಾಲಿಂದ ಮರಳು ಕೆರೆದು ನೀರು ಕುಡಿಯುತ್ತವೆ.’

ತಮ್ಮಾ, ನಾನು ಅವತ್ತು ತರಗತಿ ಮುಂದುವರಿಸೋಕಾಗಲಿಲ್ಲ.

ಆ ಹುಡುಗನನ್ನು ನಾನು ದೂರಲ್ಲ. ಕೆಲಸ ತಪ್ಪಿಹೋದರೆ ಹಳ್ಳಿಗೆ ಬರುವ ಸಿಮೆಂಟೂ ತಪ್ಪಿಹೋಗುತ್ತೆ ಅಂತ ಅವನ ಅಂಜಿಕೆ ಇದ್ದಿರಬಹುದು. ತಪ್ಪು ನನ್ನದು. ಯಾಕಂದರೆ ಆ ಅಜ್ಜಿಯ ಮಾತು ನನಗೆ ಹೊಸದಾಗಿರಬಾರದಿತ್ತು. ನಮ್ಮ ಕಡೆಯ ತಲಪರಿಗೆ ನೀನು ನೋಡಿರುತ್ತೀಯ, ಕೆರೆ ಬತ್ತಿದ ಮೇಲೂ ಒಸರುತ್ತಲೇ ಇರುತ್ತಲ್ಲ, ಅದು. ನಮ್ಮೂರ ನೀರುಗಂಟಿ ತಾತ ಬರಿಗಾಲಲ್ಲಿ ಮರಳ ಮೇಲೆ ನಡೆದು ‘ಇಲ್ಲಿ ಐತೆ, ಇಲ್ಲಿಲ್ಲ’ ಅಂತ ಹೇಳೋರು. ಅವರನ್ನು ಕೇಳದೆ ನಮ್ಮಪ್ಪ ಒಂದು ಬದು ಹಾಕಿದವರಲ್ಲ. ಮಧುಗಿರಿಯಲ್ಲಿ ಯಾರನ್ನು ಕೇಳಬೇಕು ಅಂತ ಗೊತ್ತಿದ್ದ ನಾನು ಮಕ್ವೇನಿಯಲ್ಲಿ ಕೇಳಿಸಿಕೊಳ್ಳದೆ ಬಂದೆ. ಊರಿನ ಬುದ್ಧಿಯನ್ನು ಊರಲ್ಲೇ ಬಿಟ್ಟು ಬಂದಿದ್ದೆ.

ಆ ಡಿಸೆಂಬರ್‌ನಲ್ಲಿ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಅಜ್ಜಿ ತೀರಿಹೋಗಿ ಎರಡು ವರ್ಷ ಆಗಿತ್ತು. ಸೊಸೆ ಎನಾಮಲ್ ಲೋಟದಲ್ಲಿ ಬಿಸಿ ಉಜಿ ತಂದುಕೊಟ್ಟರು. ಉಜಿ ಅಂದರೆ ಗಂಜಿ, ವಿಂಬಿಯದ್ದು. ಅದರ ವಾಸನೆಗೇ ನನಗೆ ಗಂಟಲು ಕಟ್ಟಿತು. ಬರುವಷ್ಟು ಕಿಸ್ವಾಹಿಲಿಯಲ್ಲಿ, ಇಲ್ಲಿ ಎಲ್ಲ ಕಡೆ ನಡೆಯುವ ಭಾಷೆ ಅದು, ತಪ್ಪಾಯ್ತು ಅಂದೆ. ಅವರು ನನ್ನ ಕೈ ಹಿಡಿದು ‘ಪೊಲೆ’ ಅಂದರು. ನೋವಿನಲ್ಲಿರುವವರಿಗೆ ಹೇಳುವ ಮಾತು ಅದು. ನೀರಿಲ್ಲದೆ ಇಷ್ಟು ವರ್ಷ ಕಷ್ಟಪಟ್ಟವರು ಅವರು, ಸಮಾಧಾನ ಹೇಳಿದ್ದು ನನಗೆ. ಮೇಲಿನ ತಿರುವಿನಲ್ಲಿ ಆಗಲೇ ಕಲ್ಲು ಗುಡ್ಡೆ ಹಾಕಿದ್ದರು. ಸಿಮೆಂಟು ಕೊಡಿಸ್ತೀನಿ ಅಂದೆ. ‘ಜಾಗ ನಾವು ಹೇಳಿದ ಕಡೆ’ ಅಂದರು. ಆ ಅಜ್ಜಿಗೆ ಒಂದು ಮಾತು ನೇರವಾಗಿ ಹೇಳೋಕಾಗಲಿಲ್ಲವಲ್ಲ ಅನ್ನೋದು ಇವತ್ತಿಗೂ ಹೋಗಿಲ್ಲ.

ನಿನ್ನ ನಾಲ್ಕನೇ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ನಾನು ನಾಲ್ಕು ವೃತ್ತಿ ಆರಿಸಿಕೊಂಡವಳಲ್ಲ. ಕಾಯ್ದೆಯ ಸಾಲು ಹಳ್ಳದ ತನಕ ಹೋಗುತ್ತಾ ಅಂತ ನೋಡೋಕೆ ಹಳ್ಳಿಗೆ ಹೋದೆ. ಅಲ್ಲಿ ಏನಾಯ್ತು ಅಂತ ಎಳೆಯರಿಗೆ ಹೇಳೋಕೆ ಪಾಠಕ್ಕೆ ನಿಂತೆ. 2010ರ ಸಂವಿಧಾನದಿಂದ ನಮ್ಮ ಜಿಲ್ಲೆಗಳಂಥ 47 ಕೌಂಟಿಗಳಾಗಿ, 2013ರಿಂದ ನೀರಿನ ಜವಾಬ್ದಾರಿ ಅವುಗಳ ಕೈಗೆ ಬಂದಾಗ, ಹೊಸ ಅಧಿಕಾರಿಗಳಿಗೆ ತರಬೇತಿ ಕೊಡಿ ಅಂತ ಕರೆದರು. ಅದಕ್ಕೇ ಈಗ ನಾಯಕತ್ವದ ಸಲಹೆಗಾರ್ತಿ ಅಂತ ಹೆಸರು. ನಾನು ಮಾಡಿಸುವ ಮುಖ್ಯ ಅಭ್ಯಾಸ ಒಂದೇ: ಹಳ್ಳಿಯವರು ಹೇಳಿದ್ದನ್ನು ಅಧಿಕಾರಿ ಅವರದೇ ಭಾಷೆಯಲ್ಲಿ ತಿರುಗಿ ಹೇಳಬೇಕು. ಹೇಳಿದವರು ‘ಹೌದು, ಇದೇ ನಾನು ಹೇಳಿದ್ದು’ ಅನ್ನೋ ತನಕ ಸಭೆ ಮುಂದಕ್ಕೆ ಹೋಗಬಾರದು. ಮೊದಲ ದಿನ ಎಲ್ಲರೂ ತಡವರಿಸುತ್ತಾರೆ. ಸಭೆಯಲ್ಲಿ ಹಿಂದೆ ಕೂರುವವರು ಮೂರನೇ ದಿನಕ್ಕೆ ಮುಂದೆ ಬಂದು ಕೂರುತ್ತಾರೆ.

ದುಡ್ಡಿನ ವಿಷಯ ಒಂದು ಮಾತು. ಈ ಕೆಲಸಗಳೆಲ್ಲ ಒಪ್ಪಂದದವು, ಒಂದೆರಡು ವರ್ಷಕ್ಕೆ ಮುಗಿಯುತ್ತವೆ, ಕೊಡುವವರ ಮನಸ್ಸು ಬದಲಾದರೆ ಅದಕ್ಕೂ ಮೊದಲೇ. ಆರು ತಿಂಗಳ ಖರ್ಚು ಯಾವಾಗಲೂ ಬ್ಯಾಂಕಿನಲ್ಲಿರಲಿ. ಇಲ್ಲಿ ದುಡಿಯೋಕೆ ಕೊಡುವ ಪರವಾನಗಿ ಆ ಕೆಲಸಕ್ಕೇ ಅಂಟಿಕೊಂಡಿರುತ್ತೆ, ಅದರ ಕೊನೆಯ ತಾರೀಖು ಗೋಡೆಗೆ ಬರೆದಿಡು. ಊರಲ್ಲಿ ಸಾಲ ಮಾಡಿ ಮನೆ ಕಟ್ಟೋಕೆ ಈಗಲೇ ಹೋಗಬೇಡ.

ನಿನ್ನ ಆಫೀಸಿಗೆ ಇಂಗ್ಲಿಷ್ ಸಾಕು. ಇನ್ನು ಇಪ್ಪತ್ತು ವರ್ಷ ಇದ್ದರೂ ಸಾಕಾಗುತ್ತೆ. ಮಕ್ವೇನಿಗೆ ಸಾಲದು. ಈ ವಾರವೇ ಕಿಸ್ವಾಹಿಲಿ ತರಗತಿಗೆ ಸೇರು. ಅಲ್ಲಿಗೆ ಹೋಗುವಾಗ ಭಾಷಾಂತರಕ್ಕೆ ಒಬ್ಬರು ಇದ್ದರೆ, ಸುಮ್ಮನೆ ಕೂತು ಕೇಳಿಸಿಕೊಳ್ಳೋಕೆ ಇನ್ನೊಬ್ಬರು ಕಿಕಾಂಬಾ ಬಲ್ಲವರು ಇರಲಿ. ಆಫೀಸು ದುಡ್ಡು ಕೊಡದಿದ್ದರೆ ನಿನ್ನ ಕೈಯಿಂದ ಕೊಡು. ಯಾರಾದರೂ ಉದ್ದಕ್ಕೆ ಮಾತಾಡಿ ನಿನಗೆ ಒಂದೇ ಸಾಲು ಬಂದರೆ, ಕತ್ತಲಾದರೂ ಪರವಾಗಿಲ್ಲ, ಇನ್ನೊಂದು ಸಲ ಕೇಳು.

ನನ್ನ ಆ ಹಳ್ಳಿ ವೋಟೆಯಿಂದ ದೂರವಿಲ್ಲ. ದಾರಿ ಬರೆದು ಕಳಿಸ್ತೀನಿ. ಮೊದಲು ಕೆಳಗಿನ ಗೋಡೆ ಸಿಗುತ್ತೆ, ಅದರ ಹಿಂದೆ ಒಣ ಮರಳು. ಅಲ್ಲಿ ನಿಲ್ಲಬೇಡ, ಹಳ್ಳದಲ್ಲೇ ಹತ್ತು ನಿಮಿಷ ಮೇಲಕ್ಕೆ ನಡಿ. ತಿರುವಿನಲ್ಲಿ ಇನ್ನೊಂದು ಗೋಡೆ ಇದೆ, ಮಧ್ಯಾಹ್ನದ ಹೊತ್ತಿಗೆ ಕತ್ತೆಗಳು ಸಾಲಾಗಿ ನಿಂತಿರುತ್ತವೆ. ಸೊಸೆ ಈಗ ತಾವೇ ಅಜ್ಜಿಯಾಗಿದ್ದಾರೆ. ಮಧುಗಿರಿಯವಳು ಕಳಿಸಿದಳು ಅನ್ನು, ಹೋಗುವಾಗ ಒಂದು ಕೆ.ಜಿ. ಬೆಲ್ಲ ತೆಗೆದುಕೊಂಡು ಹೋಗು. ನಮ್ಮ ಹಾಗೆ ಗಂಜಿಗೆ ಬೆಲ್ಲ ಹಾಕೋದು ಅವರಿಗೆ ಇಷ್ಟ.

ನಿನ್ನ ಅಕ್ಕ