ಹಲ್ಲಿನ ಕುರ್ಚಿಗೆ ಹೆದರುವ ಮಕ್ಕಳಿಗೆ ವಿ.ಆರ್. ಕನ್ನಡಕ: ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಕೆಳಗಿನ ಎರಡು ದವಡೆ ಹಲ್ಲು ಹುಳುಕಾಗಿವೆ. ಹೋದ ಸಲ ಸೂಜಿ ಕಂಡವಳೇ ಕುರ್ಚಿಯಿಂದ ಜಿಗಿದು ಹೊರಗೋಡಿದಳು. ಈಗ ಬಳ್ಳಾರಿಯ ಡಾಕ್ಟರೊಬ್ಬರು ‘ವಿ.ಆರ್. ಕನ್ನಡಕ ಹಾಕಿ ಮಾಡೋಣ’ ಎನ್ನುತ್ತಿದ್ದಾರೆ. ಅದನ್ನು ಹಾಕಿದರೆ ನೋವು ಗೊತ್ತಾಗುವುದಿಲ್ಲವೇ? ಕಣ್ಣಿಗೆ ತೊಂದರೆ ಇಲ್ಲವೇ?
— ಒಬ್ಬ ತಾಯಿ, ಗಂಗಾವತಿ

ಉತ್ತರ: ವಿ.ಆರ್. ಅಂದರೆ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಲೋಕವನ್ನೇ ಎದುರಿಗೆ ತರುವ ಸಾಧನ. ನೋವು ತಡೆಯುವುದು ಮರಗಟ್ಟಿಸುವ ಇಂಜೆಕ್ಷನ್, ಕನ್ನಡಕವಲ್ಲ. ‘ಕನ್ನಡಕ ಇದೆಯಲ್ಲ, ಇಂಜೆಕ್ಷನ್ ಬೇಡ’ ಎಂದು ಯಾರಾದರೂ ಆಳವಾದ ಹುಳುಕು ಕೊರೆಯಲು ಹೊರಟರೆ ದಯವಿಟ್ಟು ಒಪ್ಪಬೇಡಿ. ಕನ್ನಡಕದ ಕೆಲಸವೇ ಬೇರೆ. ಮನುಷ್ಯನ ಗಮನಕ್ಕೆ ಒಂದು ಅಳತೆ ಇದೆ. ಅದರ ಬಹುಪಾಲನ್ನು ಕಣ್ಣೆದುರಿನ ಕಡಲು, ಮೀನು, ಹಾಡು ಹಿಡಿದುಕೊಂಡರೆ ಸೂಜಿಯ ಚುಚ್ಚಿಗೂ ಹಲ್ಲು ಕೊರೆಯುವ ಯಂತ್ರವಾದ ಏರೋಟರ್‌ನ ಕೀರಲು ಸದ್ದಿಗೂ ಉಳಿಯುವುದು ಸ್ವಲ್ಪವೇ. ನೋವಿನ ಸಂದೇಶ ನರಗಳ ದಾರಿಯಲ್ಲಿ ಒಂದು ಬಾಗಿಲು ದಾಟಿ ಮಿದುಳು ಸೇರುತ್ತದೆ, ಮನಸ್ಸಿನ ಸ್ಥಿತಿಗೆ ತಕ್ಕಂತೆ ಆ ಬಾಗಿಲು ತೆರೆಯುವುದೂ ಉಂಟು, ಮುಚ್ಚುವುದೂ ಉಂಟು ಎಂದು ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲೇ ವಿವರಿಸಿದ್ದರು. ಭಯ ಆ ಬಾಗಿಲನ್ನು ಅಗಲಿಸುತ್ತದೆ. ಅದಕ್ಕೇ ಹೆದರಿದ ಮಗುವಿಗೆ ನೀರಿನ ತುಂತುರೂ ನೋವಾಗುತ್ತದೆ. 2000ದ ಆಸುಪಾಸಿನಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಸಂಗಡಿಗರು ಸುಟ್ಟಗಾಯದ ರೋಗಿಗಳಿಗೆ ಚಿಕಿತ್ಸೆಯ ವೇಳೆ ಹಿಮದ ಲೋಕವೊಂದನ್ನು ತೋರಿಸಿ ಈ ದಾರಿ ತೆರೆದರು. ಅಲ್ಲಿಯೂ ಅದು ಔಷಧಿಯ ಜೊತೆಗಿನ ಆಸರೆಯಾಗಿತ್ತೇ ಹೊರತು ಔಷಧಿಯ ಬದಲಿಗಲ್ಲ.

ಕಣ್ಣಿನ ವಿಚಾರ. ಇಂಥ ಕನ್ನಡಕ ತಯಾರಿಸುವ ಮೆಟಾ ಕಂಪನಿ ತನ್ನ ಹೆಡ್‌ಸೆಟ್‌ಗೆ 13 ಇದ್ದ ವಯಸ್ಸಿನ ಮಿತಿಯನ್ನು 2023ರಲ್ಲಿ 10ಕ್ಕೆ ಇಳಿಸಿತು. ನಿಮ್ಮ ಮಗಳು ಅದಕ್ಕಿಂತ ಚಿಕ್ಕವಳು. ಹಾಗಾಗಿ ಮನೆಯಲ್ಲಿ ಗಂಟೆಗಟ್ಟಲೆ ಹಾಕಿಸುವ ವಸ್ತು ಇದಲ್ಲ. ಕ್ಲಿನಿಕ್ಕಿನಲ್ಲಿ ವೈದ್ಯರ ಕಣ್ಣೆದುರು ಒಂದು ಸಲಕ್ಕೆ 15–20 ನಿಮಿಷ ಬಳಸುವುದು ಬೇರೆ ಮಾತು. ಒಂದು ಪ್ರಶ್ನೆಯನ್ನು ಮಾತ್ರ ಕೇಳಲೇಬೇಕು: ‘ಕಣ್ಣಿನ ಅಂತರ ಹೊಂದಿಸಲು ಬರುತ್ತದೆಯೇ?’ ದೊಡ್ಡವರ ಎರಡು ಪಾಪೆಗಳ ನಡುವಿನ ಅಂತರ ಸರಾಸರಿ 63 ಮಿ.ಮೀ.; ಆರು ವರ್ಷದ ಮಗುವಿನದು ಸುಮಾರು 50–55. ಅನೇಕ ಹೆಡ್‌ಸೆಟ್‌ಗಳ ಲೆನ್ಸು 58ಕ್ಕಿಂತ ಹತ್ತಿರ ಬರುವುದಿಲ್ಲ. ಹೊಂದದಿದ್ದರೆ ಚಿತ್ರ ಎರಡೆರಡಾಗಿ ಕಂಡು ತಲೆ ನೋಯುತ್ತದೆ. ಹಾಕಿದ ಮೇಲೆ ‘ಮೀನು ಎಷ್ಟು ಕಾಣ್ತಾವ?’ ಎಂದು ಕೇಳಿದರೆ ಮಗುವೇ ಹೇಳಿಬಿಡುತ್ತದೆ.

ಈಗ ನಿಮ್ಮ ಪಾಲಿನ ಕೆಲಸ. ಒಮ್ಮೆ ಓಡಿಹೋದ ಮಗುವಿಗೆ ಮೊದಲ ಭೇಟಿಯಲ್ಲೇ ಕೊರೆಯಬಾರದು. ಆ ದಿನ ಕುರ್ಚಿ ಮೇಲೆ ಕೆಳಗೆ ಆಡಿಸಿ, ಕನ್ನಡಕವನ್ನು ಕೈಗೆ ಕೊಟ್ಟು, ಐದು ನಿಮಿಷ ನೋಡಿಸಿ, ಹಲ್ಲು ಎಣಿಸಿ ಮನೆಗೆ ಕಳಿಸಬೇಕು. ಹಲ್ಲಿನಲ್ಲಿ ಬಾವು, ಜ್ವರ ಇಲ್ಲದಿದ್ದರೆ ಒಂದು ವಾರ ತಡವಾದರೂ ನಷ್ಟವಿಲ್ಲ. ಮನೆಯಲ್ಲಿ ‘ಸೂಜಿ ಚುಚ್ಚಂಗಿಲ್ಲ’ ಎಂದು ಸುಳ್ಳು ಹೇಳಬೇಡಿ, ‘ಅಳಬ್ಯಾಡ, ನೋವಾಗಂಗಿಲ್ಲ’ ಎಂದೂ ಬೇಡ; ಆ ಮಾತಿನಲ್ಲಿ ಮಗುವಿಗೆ ಕೇಳಿಸುವುದು ‘ನೋವು’ ಒಂದೇ. ‘ಹಲ್ಲು ಮಲಗಸ್ತಾರವ್ವಾ, ಇರುವಿ ಕಡದಂಗ ಆಗ್ತೈತಿ, ಹತ್ತರ ತನಕ ಎಣಸು’ ಎಂದರೆ ಸಾಕು. ಚುಚ್ಚಿದ್ದು ಗೊತ್ತಾದರೂ ಅವ್ವ ಹೇಳಿದಷ್ಟೇ ಆಯಿತೆಂಬ ನಂಬಿಕೆ ಉಳಿಯುತ್ತದೆ, ಮುಂದಿನ ಸಲ ಅದೇ ಕೈಹಿಡಿಯುತ್ತದೆ.

ಚಿಕಿತ್ಸೆಯಾದ ಮೇಲೆ ಎರಡು ಮೂರು ಗಂಟೆ ತುಟಿ, ನಾಲಿಗೆ ಜೋಮು ಹಿಡಿದಿರುತ್ತವೆ. ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣಿ ಮಿರ್ಚಿ ಕೊಡಿಸಬೇಡಿ. ಸುಟ್ಟರೂ ಕಚ್ಚಿಕೊಂಡರೂ ಅವಳಿಗೆ ತಿಳಿಯುವುದಿಲ್ಲ. ಮರುದಿನ ತುಟಿ ಊದಿ ಬಿಳಿ ಹುಣ್ಣಾಗಿರುತ್ತದೆ.

ಪ್ರಶ್ನೆ: ನಾನು ದಂತವೈದ್ಯ. ಫೋನ್ ಇಟ್ಟು ನೋಡುವ ವಿ.ಆರ್. ಪೆಟ್ಟಿಗೆ ಕೊಂಡೆ. ಮಕ್ಕಳು ಖುಷಿಯಿಂದ ಹಾಕಿಕೊಳ್ಳುತ್ತಾರೆ, ಆದರೆ ನಡುವೆ ತಲೆ ಅತ್ತಿತ್ತ ತಿರುಗಿಸುತ್ತಾರೆ, ಲೆನ್ಸ್ ಮಂಜಾಗುತ್ತದೆ, ಬೇಸಿಗೆಯಲ್ಲಿ ಫೋನೇ ಬಿಸಿಯಾಗಿ ನಿಂತುಹೋಗುತ್ತದೆ. ಏನು ಮಾಡಲಿ?
— ಹೆಸರು ಬೇಡ, ಸಿಂಧನೂರು

ಉತ್ತರ: ತಲೆ ತಿರುಗಿಸುವುದೇ ಅಪಾಯದ್ದು, ಏರೋಟರ್ ಬಾಯಲ್ಲಿರುವಾಗ ಆಗುವಂಥದ್ದು. ಅದಕ್ಕೆ ಮೂರು ಕಾರಣ. ಮೊದಲನೆಯದು, ನೀವು ಹಾಕುತ್ತಿರುವ 360 ಡಿಗ್ರಿ ವಿಡಿಯೊ. ಬೆನ್ನ ಹಿಂದೆ ಆನೆ ಘೀಳಿಟ್ಟರೆ ಮಗು ತಿರುಗಿ ನೋಡದೆ ಇದ್ದೀತೇ? ಎಲ್ಲವೂ ಎದುರಿಗೇ ನಡೆಯುವ 180 ಡಿಗ್ರಿ ವಿಡಿಯೊ ಹಾಕಿ, ಇಲ್ಲವೇ ಮಾಮೂಲಿ ಕಾರ್ಟೂನನ್ನು ‘ಸಿನಿಮಾ ಪರದೆ’ ರೀತಿಯಲ್ಲಿ ತೋರಿಸುವ ಪ್ಲೇಯರ್ ಬಳಸಿ. ಕೈಯಲ್ಲಿ ರಿಮೋಟ್ ಹಿಡಿದು ಗುರಿ ಇಡುವ ಆಟಗಳು ಗಮನವನ್ನು ಇನ್ನೂ ಚೆನ್ನಾಗಿ ಹಿಡಿಯುತ್ತವೆ ನಿಜ, ಆದರೆ ಭುಜ ಅಲುಗಿದರೆ ದವಡೆಯೂ ಅಲುಗುತ್ತದೆ. ಇಂಜೆಕ್ಷನ್ನಿಗೆ ಮುಂಚಿನ ಕಾಯುವಿಕೆಗೆ ಮಾತ್ರ ಅವು ಇರಲಿ.

ಎರಡನೆಯದು, ಮಲಗಿದ ಭಂಗಿ. ಕುರ್ಚಿ ಹಿಂದಕ್ಕೆ ಬಾಗಿದೊಡನೆ ಮಗುವಿಗೆ ವಿಡಿಯೊದ ಆಕಾಶ ಕಾಣತೊಡಗುತ್ತದೆ, ಮೀನು ಕಾಲಬಳಿ ಉಳಿಯುತ್ತದೆ. ಅದನ್ನು ಹುಡುಕಿ ಗದ್ದ ಎದೆಗೆ ಒತ್ತಿಕೊಳ್ಳುತ್ತದೆ. ಮೊದಲು ಕುರ್ಚಿ ಬಾಗಿಸಿ, ಆಮೇಲೆ ಕನ್ನಡಕ ಹಾಕಿ, ಹಾಕಿದ ಮೇಲೆ ದೃಶ್ಯವನ್ನು ಮತ್ತೆ ಕೇಂದ್ರಕ್ಕೆ ತನ್ನಿ. ಕೆಲವು ಫೋನ್ ಪ್ಲೇಯರ್‌ಗಳು ಎಡ–ಬಲವನ್ನಷ್ಟೇ ಸರಿಪಡಿಸುತ್ತವೆ, ಮೇಲೆ–ಕೆಳಗನ್ನಲ್ಲ. ಅಂಥದ್ದಾದರೆ ಪೂರ್ತಿ ಮಲಗಿಸದೆ ಅರ್ಧ ಬಾಗಿದ ಕುರ್ಚಿಯಲ್ಲಿ ಕೆಲಸ ಮಾಡಿ, ಇಲ್ಲವೇ ತಲೆಯೊಂದಿಗೇ ಚಲಿಸುವ ಪರದೆಯ ಆಯ್ಕೆ ಹುಡುಕಿ.

ಮೂರನೆಯದು ಹೊರಗಿನಿಂದ ಕಾಣುವುದೇ ಇಲ್ಲ. ಫೋನಿನೊಳಗಿನ ಸೆನ್ಸರ್ ಸರಿಯಾಗಿ ಹೊಂದಿರದಿದ್ದರೆ, ಇಲ್ಲವೇ ಕುರ್ಚಿಯ ಲೋಹ ಅದನ್ನು ದಾರಿ ತಪ್ಪಿಸಿದರೆ, ದೃಶ್ಯ ತಾನಾಗಿಯೇ ನಿಧಾನಕ್ಕೆ ಒಂದು ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ. ಮಗು ಅದರ ಬೆನ್ನು ಹತ್ತುತ್ತದೆ. ಹತ್ತು ನಿಮಿಷದಲ್ಲಿ ಮುಖ ಗೋಡೆಯ ಕಡೆಗೆ! ‘ಹುಡುಗ ಸುಮ್ಮನಿರೋದಿಲ್ಲ’ ಎಂದು ನಾವು ಗದರುತ್ತೇವೆ, ತಪ್ಪು ಅವನದಲ್ಲ. ಬೆಳಿಗ್ಗೆ ಫೋನನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡಿ, ನೀವೇ ಕುರ್ಚಿಯಲ್ಲಿ ಮಲಗಿ ಹತ್ತು ನಿಮಿಷ ನೋಡಿ. ಹಾಗೆಯೇ ಹಿಂಬದಿಯ ಪಟ್ಟಿಯ ಬಕಲ್ ತಲೆದಿಂಬಿಗೆ ಒತ್ತುತ್ತಿದೆಯೇ ಎಂಬುದನ್ನೂ ಗಮನಿಸಿ. ಒತ್ತಿದರೆ ಕನ್ನಡಕ ಜಾರುತ್ತದೆ. ಬಕಲನ್ನು ಕಿವಿಯ ಪಕ್ಕಕ್ಕೆ ತಂದುಕೊಳ್ಳಿ.

ಮಂಜಿನ ಕಾರಣ ಸರಳ. ಏ.ಸಿ.ಯಲ್ಲಿ ತಣ್ಣಗಾದ ಲೆನ್ಸು, ಬಿಸಿಲಿನಿಂದ ಬೆವತು ಬಂದ ಮುಖ. ಮಗುವಿನ ಮುಖ ಒರೆಸಿ, ಐದು ನಿಮಿಷ ಒಳಗೆ ಕೂರಿಸಿ. ಅಷ್ಟರಲ್ಲಿ ಫೋನನ್ನು ಪೆಟ್ಟಿಗೆಯಲ್ಲಿಟ್ಟು ಚಾಲೂ ಮಾಡಿದರೆ ಲೆನ್ಸೂ ಬೆಚ್ಚಗಾಗುತ್ತದೆ. ಬಿಸಿಯ ಮಾತಿಗೆ ಬಂದರೆ, ಹೆಚ್ಚಿನ ಫೋನ್‌ಗಳು 35 ಡಿಗ್ರಿಯೊಳಗಿನ ಕೋಣೆಗೆಂದು ಮಾಡಿದವು. ಏಪ್ರಿಲ್–ಮೇನಲ್ಲಿ ನಮ್ಮ ರಾಯಚೂರು ಸೀಮೆ 40 ದಾಟುತ್ತದೆ. ಹಿಂಬದಿ ಕವರ್ ತೆಗೆಯಿರಿ, ಬೆಳಕು ಅರ್ಧಕ್ಕಿಳಿಸಿ, ಚಾರ್ಜಿಗೆ ಹಾಕಿಕೊಂಡೇ ಓಡಿಸಬೇಡಿ. ವಿಡಿಯೊ ಮೊದಲೇ ಡೌನ್‌ಲೋಡ್ ಮಾಡಿಟ್ಟು ಏರೋಪ್ಲೇನ್ ಮೋಡ್‌ಗೆ ಹಾಕಿ. ರೂಟ್ ಕೆನಾಲ್ ನಡುವೆ ಫೋನ್ ರಿಂಗಾದರೆ ಮಗು ಬೆಚ್ಚುತ್ತದೆ. ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗೆ ಎಂದೂ ಇಡಬೇಡಿ. ಲೆನ್ಸು ಭೂತಗನ್ನಡಿಯಂತೆ ಬಿಸಿಲನ್ನು ಒಂದೇ ಬಿಂದುವಿಗೆ ತಂದು ಪರದೆಯನ್ನು ಸುಡುತ್ತದೆ. ಆ ಕಲೆ ಹೋಗುವುದಿಲ್ಲ.

ಸ್ಥಳೀಯ ವಿಡಿಯೊ ನೀವೇ ಮಾಡುವುದಾದರೆ ಬಹಳ ಒಳ್ಳೆಯದು, ತಮ್ಮೂರ ನೋಟ ಮಕ್ಕಳನ್ನು ಬೇಗ ಒಳಗೆಳೆಯುತ್ತದೆ. ಆದರೆ ಅಂಜನಾದ್ರಿಯ ಮೆಟ್ಟಿಲು ಹತ್ತುತ್ತಾ ಹಿಡಿದದ್ದು ಬೇಡ. ದೇಹ ಮಲಗಿರುವಾಗ ಕಣ್ಣು ಏರುತ್ತಿದ್ದರೆ ವಾಕರಿಕೆ ಬರುತ್ತದೆ. ಸಾಣಾಪುರ ಕೆರೆಯ ದಂಡೆಯಲ್ಲಿ ಟ್ರೈಪಾಡ್ ಊರಿ, ಎದುರಿಗೆ ಹರಿಗೋಲು ತಿರುಗುವುದನ್ನು ಹಿಡಿಯಿರಿ.

ಚಿಕಿತ್ಸೆಯ ಕ್ರಮ ಹೀಗಿರಲಿ. ಕನ್ನಡಕ ಹಾಕಿ 3–5 ನಿಮಿಷ ಬಿಡಿ, ಆಮೇಲೆ ಒಸಡು ಒರೆಸಿ ಒಣಗಿಸಿ ಮರಗಟ್ಟಿಸುವ ಜೆಲ್ ಹಚ್ಚಿ. ಒದ್ದೆ ಒಸಡಿನ ಮೇಲೆ ಹಚ್ಚಿದ ಜೆಲ್ ಜೊಲ್ಲಿನೊಂದಿಗೆ ಗಂಟಲಿಗೆ ಇಳಿದು ಕಹಿಯಾಗುತ್ತದೆ, ಮಗು ಅಲ್ಲಿಗೇ ಎದ್ದು ಕೂರುತ್ತದೆ. ಒಂದೆರಡು ನಿಮಿಷದ ನಂತರ ಇಂಜೆಕ್ಷನ್, ಮಿಲಿಲೀಟರಿಗೆ ಒಂದು ನಿಮಿಷದಷ್ಟು ನಿಧಾನವಾಗಿ. ಕಣ್ಣು ಮುಚ್ಚಿರುವ ಮಗುವನ್ನು ಹೇಳದೆ ಮುಟ್ಟಬೇಡಿ. ‘ಈಗ ತುಟಿ ಹಿಡಕೋತೀನಿ’, ‘ಈಗ ನೀರು ಬರ್ತೈತಿ’ ಅನ್ನುತ್ತಲೇ ಇರಿ. ಅದಕ್ಕಾಗಿ ಒಂದು ಕಿವಿ ತೆರೆದಿರಲಿ. ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ ಎಂದು ಮೊದಲೇ ಮಾತಾಡಿಕೊಂಡು, ಮೊದಲ ಸಲ ಕೈ ಎತ್ತಿದಾಗ ನಿಜಕ್ಕೂ ನಿಲ್ಲಿಸಿ. ಸುಮ್ಮನೆ ಪರೀಕ್ಷೆ ಮಾಡಲು ಎತ್ತುವ ಮಕ್ಕಳೇ ಹೆಚ್ಚು, ಆದರೂ ನಿಲ್ಲಿಸಿ. ಮಗುವಿನ ಕಣ್ಣು ನಿಮಗೆ ಕಾಣದ್ದರಿಂದ ನೋವಿನ ಸುಳಿವು ಕಾಲ್ಬೆರಳು ಮುದುಡುವುದರಲ್ಲಿ, ಮುಷ್ಟಿ ಬಿಗಿಯುವುದರಲ್ಲಿ ಸಿಗುತ್ತದೆ. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿದ್ದರೆ ನಾಡಿ ಏರುವುದೂ ತಿಳಿಯುತ್ತದೆ.

ಇನ್ನೊಂದು ಎಚ್ಚರಿಕೆ, ಇದನ್ನು ಒತ್ತಿ ಹೇಳಬೇಕು. ಮಗು ಸುಮ್ಮನೆ ಮಲಗಿದೆ ಎಂದು ಎರಡೂ ಕಡೆಯ ಕೆಲಸ ಒಂದೇ ದಿನ ಮುಗಿಸುವ ಆಸೆ ಬರುತ್ತದೆ. ಮರಗಟ್ಟಿಸುವ ಔಷಧಿ ಲಿಗ್ನೋಕೇನ್‌ನ ಮಿತಿ ಕೆ.ಜಿ.ಗೆ 4.4 ಮಿ.ಗ್ರಾಂ. 18 ಕೆ.ಜಿ. ಮಗುವಿಗೆ 79 ಮಿ.ಗ್ರಾಂ, ಅಂದರೆ 2% ದ್ರಾವಣ 4 ಮಿ.ಲೀ. ಕೂಡ ದಾಟಬಾರದು. 30 ಮಿ.ಲೀ. ಬಾಟಲಿಯಿಂದ ಸಿರಿಂಜಿಗೆ ಎಳೆಯುವವರಿಗೆ ಲೆಕ್ಕ ತಪ್ಪುವುದು ಸುಲಭ. ತೂಕ ನೋಡಿ, ಕಾರ್ಡಿನ ಮೇಲೆ ಬರೆದು ಶುರು ಮಾಡಿ. ಕೆಳದವಡೆಯ ಎರಡೂ ಕಡೆ ಒಟ್ಟಿಗೆ ಮರಗಟ್ಟಿಸಿದರೆ ನಾಲಿಗೆ ಕಚ್ಚಿಕೊಳ್ಳುವುದೂ ಹೆಚ್ಚು.

ಮೇಲಿನ ಮುಂಭಾಗದ ಹಲ್ಲುಗಳಿಗೆ ಈ ಪೆಟ್ಟಿಗೆ ಆಗಿಬರುವುದಿಲ್ಲ. ಅದರ ಕೆಳಅಂಚು ಮೂಗಿನ ಮೇಲೆ ಕೂತು, ತುಟಿ ಎತ್ತಿದರೆ ತಾಗುತ್ತದೆ. ಪ್ರತಿ ಮಗುವಿಗೂ ಹೊಸ ಮುಖಪಟ್ಟಿ ಹಾಕಿ. ಸಿಲಿಕೋನ್ ಅಂಚನ್ನು 70% ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಲೆನ್ಸನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮಾತ್ರ. ಆಲ್ಕೊಹಾಲ್ ತಾಗಿದರೆ ಲೆನ್ಸಿನ ಲೇಪ ಹಾಳಾಗುತ್ತದೆ. ಪಟ್ಟಿ ಬಿಗಿಯುವ ಮುನ್ನ ತಲೆಯಲ್ಲಿ ಹೇನು ಇದೆಯೇ ನೋಡಿ. ಇದ್ದರೆ ಆ ದಿನ ಕನ್ನಡಕ ಬಿಡಿ. ತಾಯಿಗೆ ಪಕ್ಕಕ್ಕೆ ಕರೆದು ಹೇಳಿ, ಮಗುವಿನೆದುರು ಬೇಡ.

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಮುಂದಿನ ನಾಲ್ಕು ಹಾಲು ಹಲ್ಲು ಹುಳುಕು. ವಿ.ಆರ್. ಹಾಕಿಸಬಹುದೇ?
— ಕುಷ್ಟಗಿ

ಉತ್ತರ: ಬೇಡ. ಈ ವಯಸ್ಸಿಗೆ ಕಣ್ಣು ಮುಚ್ಚುವುದೇ ಹೊಸ ಭಯ, ಅವ್ವ–ಅಪ್ಪನ ಮುಖ ಕಾಣುತ್ತಿರಬೇಕು. ರಾತ್ರಿ ನೋವು, ಬಾವು ಇಲ್ಲದಿದ್ದರೆ ಹುಳುಕು ಮುಂದುವರಿಯದಂತೆ ತಡೆಯುವ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರವ ಹಚ್ಚಬಹುದೇ ಎಂದು ವೈದ್ಯರನ್ನು ಕೇಳಿ. ಕೊರೆಯುವಂತಿಲ್ಲ, ಚುಚ್ಚುವಂತಿಲ್ಲ, ಒಂದೆರಡು ನಿಮಿಷದ ಕೆಲಸ. ಹುಳುಕು ಜಾಗ ಕಪ್ಪಾಗುತ್ತದೆ, ಅದನ್ನು ಮನೆಯ ಹಿರಿಯರಿಗೂ ಮೊದಲೇ ತಿಳಿಸಿ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ರೂಢಿ ಇದ್ದರೆ ಇವತ್ತೇ ಬಿಡಿಸಿ.

ಪ್ರಶ್ನೆ: ನನ್ನ ಮಗನಿಗೆ ಫಿಟ್ಸ್ ಇದೆ, ಗುಳಿಗೆ ನಡೆದಿದೆ. ಎಂಟು ವರ್ಷ. ವಿ.ಆರ್. ಹಾಕಿಸಬಹುದೇ?
— ಸಿರುಗುಪ್ಪ

ಉತ್ತರ: ಹಾಕಿಸಬೇಡಿ. ಮಿನುಗುವ ಬೆಳಕು ಕೆಲವರಲ್ಲಿ ಫಿಟ್ಸ್ ಎಬ್ಬಿಸುತ್ತದೆ. ಕಣ್ಣಿನ ಆಪರೇಷನ್ ಆಗಿ ಇನ್ನೂ ಮಾಯದವರಿಗೆ, ಕೆಂಗಣ್ಣು, ತಲೆಸುತ್ತು ಇರುವವರಿಗೂ ಇದೇ ಮಾತು. ಬರೀ ಕಿವಿಗೆ ಹಾಡು, ಕಥೆ ಕೇಳಿಸಬಹುದು. ಚಿಕಿತ್ಸೆಯ ದಿನ ಬೆಳಗಿನ ಗುಳಿಗೆ ತಪ್ಪಿಸಬೇಡಿ, ಚೀಟಿ ತೆಗೆದುಕೊಂಡು ಹೋಗಿ ತೋರಿಸಿ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮ ಮಕ್ಕಳಿಗೆ ಇಂಥ ಕನ್ನಡಕ ಎಲ್ಲಿ ಸಿಗಬೇಕು? ಅದಿಲ್ಲದೆ ಹೆದರಿಕೆ ಕಳೆಯುವ ದಾರಿ ಇದೆಯೇ?
— ಮಾನ್ವಿ

ಉತ್ತರ: ಇದೆ, ಮತ್ತು ಅದು ಕನ್ನಡಕಕ್ಕಿಂತ ಹಳೆಯದು. ‘ಹೇಳು, ತೋರಿಸು, ಮಾಡು’ ಎಂಬ ಕ್ರಮವನ್ನು 1959ರಲ್ಲಿ ದಂತವೈದ್ಯ ಅಡೆಲ್‌ಸ್ಟನ್ ಹೇಳಿಕೊಟ್ಟರು. ಇಂದಿಗೂ ಮಕ್ಕಳ ದಂತವೈದ್ಯಕ್ಕೆ ಅದೇ ಅಡಿಪಾಯ. ಗಾಳಿ ಪಿಚಕಾರಿಯನ್ನು ಮೊದಲು ಮಗುವಿನ ಅಂಗೈಗೆ ಊದಿ, ಆಮೇಲೆ ಕೆನ್ನೆಗೆ, ಕೊನೆಗೆ ಹಲ್ಲಿಗೆ. ಸಕ್ಷನ್ ಪೈಪು ಲೋಟದ ನೀರನ್ನು ಸೊರ್ರೆಂದು ಕುಡಿಯುವುದನ್ನು ತೋರಿಸಿದರೆ ನಗದ ಮಗು ಕಡಿಮೆ. ಈ ಆಟದ ಅರ್ಧವನ್ನು ನೀವು ತರಗತಿಯಲ್ಲೇ ಆಡಿಸಬಹುದು: ಒಬ್ಬ ಡಾಕ್ಟರು, ಒಬ್ಬ ರೋಗಿ, ಒಂದು ಚಮಚ, ಒಂದು ಕೈಗನ್ನಡಿ. ಹಲ್ಲು ಎಣಿಸಲಿ, ಆರು ವರ್ಷಕ್ಕೆ ಹಾಲು ಹಲ್ಲುಗಳ ಹಿಂದೆ ಹುಟ್ಟುವ ದವಡೆ ಹಲ್ಲು ಶಾಶ್ವತದ್ದು ಎಂಬುದೂ ಆಗಲೇ ತಿಳಿಯಲಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ತಪಾಸಣೆಯಲ್ಲಿ ಹಲ್ಲೂ ಸೇರಿದೆ. ಹುಳುಕು ಕಂಡ ಮಕ್ಕಳ ಹೆಸರನ್ನು ನೀವೇ ಮುಂದಾಗಿ ಬರೆಸಿ. ರಾಯಚೂರಿನಲ್ಲಿ ಎ.ಎಂ.ಇ. ಮತ್ತು ನವೋದಯ ದಂತ ಕಾಲೇಜುಗಳಿವೆ, ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಹೊರರೋಗಿ ಚೀಟಿ ಮಾಡಿಸುವಾಗ ‘ಮಕ್ಕಳ ಹಲ್ಲಿನ ವಿಭಾಗ’ ಎಂದೇ ಕೇಳಿ. ಬೆಳಗಿನ ಸರದಿಗೆ ಹೋಗಿ, ಮಗುವಿಗೆ ತಿಂಡಿ ತಿನ್ನಿಸಿಯೇ ಹೊರಡಿ. ಹಸಿದ ಮಗು ಹೆದರುವುದು ಇನ್ನಷ್ಟು. ಜೊತೆಗೆ ಅದರ ಇಷ್ಟದ ಗೊಂಬೆ ಇದ್ದರೆ ಡಾಕ್ಟರು ಮೊದಲು ಗೊಂಬೆಯ ಹಲ್ಲು ನೋಡುತ್ತಾರೆ.